ಕೊಟ್ಟಿಗೆಯೊಳಗೊಂದು ಹುಳುಮನೆ

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ರೈತ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕೆಂಗಲ್ಲಿನ ಒಂದು ಬದಿಗೆ ರಾಮನಗರ, ಇನ್ನೊಂದು ಬದಿಗೆ ಚನ್ನಪಟ್ಟಣ. ಟಿಪ್ಪು ಸುಲ್ತಾನನ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ಬೇರೂರಿದ ರೇಷ್ಮೆ ಕಸುಬು ಈ ನೆಲದ ಅನೇಕ ಮನೆಗಳಿಗೆ ಇಂದಿಗೂ ಅನ್ನವಾಗಿದೆ. ಮಕ್ಕಳ ಶಾಲೆಯ ಶುಲ್ಕ, ಮದುವೆಯ ವೆಚ್ಚ, ಸಾಲದ ಕಂತು ಇವೆಲ್ಲಕ್ಕೂ ನಾವು ನೆಚ್ಚಿರುವುದು ರಾಮನಗರದ ಗೂಡಿನ ಮಾರುಕಟ್ಟೆಯನ್ನೇ. ಆದರೆ ಆ ಗೂಡು ಬೆಳೆಯುವ ಸ್ಥಳದ ಬಗ್ಗೆ ನಾವು ಸಾಕಷ್ಟು ಯೋಚಿಸಿದ್ದೇವೆಯೇ?

ನಮ್ಮಲ್ಲಿ ಎಷ್ಟೋ ಕುಟುಂಬಗಳು ಹುಳುವಿಗೆ ನಡುಮನೆಯನ್ನು ಬಿಟ್ಟುಕೊಟ್ಟು ತಾವು ಜಗುಲಿಯಲ್ಲಿ ಮಲಗುತ್ತವೆ. ತಟ್ಟೆ ತೊಳೆದ ಔಷಧದ ಘಾಟು ಅಡಿಗೆಮನೆಗೂ ಮಗುವಿನ ತೊಟ್ಟಿಲಿಗೂ ತಲುಪುತ್ತದೆ. ಒಲೆಯ ಹೊಗೆಯೂ ಬೀಡಿಯ ಹೊಗೆಯೂ ಹುಳುವಿಗೆ ತಲುಪುತ್ತವೆ. ಇದರಿಂದ ಮನೆಗೂ ಸುಖವಿಲ್ಲ, ಬೆಳೆಗೂ ಸುಖವಿಲ್ಲ. ಇತ್ತ ಉಳುವ ಎತ್ತುಗಳು ಕಡಿಮೆಯಾಗಿ ಹಲವರ ಕೊಟ್ಟಿಗೆಗಳು ಅರ್ಧ ಬರಿದಾಗಿವೆ. ಆ ಅರ್ಧವನ್ನೇ ಹುಳುಮನೆಯಾಗಿ ಮಾಡಬಾರದೇಕೆ ಎಂಬುದೇ ನಮ್ಮ ಇಂದಿನ ವಿಚಾರ.

ಪಾಶ್ಚಾತ್ಯ ದೇಶಗಳ ಕೆಲವು ರೈತರು ಕೊಟ್ಟಿಗೆಯ ಒಂದು ಮೂಲೆಯನ್ನು ಗೋಡೆಯಿಂದ ಬೇರ್ಪಡಿಸಿ ಅಲ್ಲಿ ಬಿಯರ್ ಹುದುಗಿಸುವುದುಂಟು. ನಮ್ಮಲ್ಲಿ ಪರವಾನಗಿಯಿಲ್ಲದೆ ಅದಕ್ಕೆ ಕಾನೂನಿನ ಸಮ್ಮತಿಯಿಲ್ಲ. ಆದರೆ ಹುದುಗಿನ ಕೋಣೆಗೂ ಹುಳುವಿನ ಕೋಣೆಗೂ ಒಂದೇ ನಿಯಮ. ಇವೆರಡನ್ನೂ ಅಭ್ಯಸಿಸಿದವರು ಒಬ್ಬರೇ ವಿಜ್ಞಾನಿ, ಫ್ರಾನ್ಸ್ ದೇಶದ ಲೂಯಿ ಪಾಶ್ಚರ್. ದ್ರಾಕ್ಷಾರಸದ ಕೆಡುಕುಗಳನ್ನು ಕುರಿತು 1866ರಲ್ಲಿ, ರೇಷ್ಮೆಹುಳುವಿನ ರೋಗವನ್ನು ಕುರಿತು 1870ರಲ್ಲಿ, ಬಿಯರನ್ನು ಕುರಿತು 1876ರಲ್ಲಿ ಅವರು ಗ್ರಂಥಗಳನ್ನು ಪ್ರಕಟಿಸಿದರು. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಗಂಟುರೋಗ ಕಂಡರೆ ಆ ಮೊಟ್ಟೆಗಳನ್ನು ನಾಶಮಾಡಬೇಕೆಂದು ಅವರು ಕಲಿಸಿದ ಕ್ರಮವನ್ನೇ ನಮ್ಮ ಬಿತ್ತನೆ ಕೋಠಿಗಳು ಇಂದಿಗೂ ಅನುಸರಿಸುತ್ತವೆ. ಕಣ್ಣಿಗೆ ಕಾಣದ ಜೀವಿಗಳೇ ಬೆಳೆಯನ್ನು ಉಳಿಸುತ್ತವೆ ಅಥವಾ ಕೆಡಿಸುತ್ತವೆ ಎಂಬುದು ಅವರ ಪಾಠದ ಸಾರ. ಕೊಟ್ಟಿಗೆಯಲ್ಲಿ ಈ ಮಾತು ಇನ್ನೂ ಹೆಚ್ಚು ಸತ್ಯ.

ಆದಕಾರಣ ಮೊದಲು ಗೋಡೆ. ತಟ್ಟಿಯ ಮರೆ ಸಾಲದು. ನೆಲದಿಂದ ಸೂರಿನವರೆಗೆ ಇಟ್ಟಿಗೆಯ ಗೋಡೆ ಏಳಬೇಕು. ಬಾಗಿಲು ದನಗಳಿರುವ ಕಡೆಗಲ್ಲ, ಎದುರು ದಿಕ್ಕಿಗೆ ಇರಬೇಕು. ಗಂಜಲದ ಕಾಲುವೆ ಹುಳುಮನೆಯ ಪಕ್ಕದಲ್ಲಿ ಹರಿಯಬಾರದು; ತಿಪ್ಪೆ ದೂರವಿರಬೇಕು. ಬೆಳೆಗೆ ಹೊಡೆಯುವ ಕೀಟನಾಶಕದ ಡಬ್ಬಿಗಳನ್ನು ಈ ಸೂರಿನಡಿ ಇಡಲೇಬಾರದು. ದನಗಳು ಬಹಳವಿದ್ದವರು ಕೊಟ್ಟಿಗೆಯ ಆಸೆ ಬಿಟ್ಟು ಬೇರೆಯೇ ಮನೆ ಕಟ್ಟುವುದು ಲೇಸು.

ಎರಡನೆಯದು ಗಾಳಿ ಮತ್ತು ತಂಪು. ಎರಡನೆಯ ಜ್ವರ ಮುಗಿದ ಹುಳುಗಳನ್ನು ಚಾಕಿ ಕೇಂದ್ರದಿಂದ ತರುವವರಿಗೆ ಮುಂದಿನ ಹಂತಗಳ ಆರೈಕೆಯಷ್ಟೇ ಉಳಿಯುತ್ತದೆ. ದೊಡ್ಡ ಹುಳುವಿಗೆ 24-25 ಡಿಗ್ರಿ ಸೆಲ್ಸಿಯಸ್ ಶಾಖ, ಸುಮಾರು 70 ಶೇಕಡಾ ತೇವ ಹಿತ. ಒಟ್ಟು ಸೊಪ್ಪಿನ 80 ಶೇಕಡಕ್ಕೂ ಹೆಚ್ಚನ್ನು ಹುಳು ತಿನ್ನುವುದು ಕಡೆಯ ಹಂತದಲ್ಲೇ; ಆಗ ಗಾಳಿಯಾಡದಿದ್ದರೆ ಹಾಸಿಗೆ ಬೆವರಿ ಸಪ್ಪೆರೋಗ, ಹಾಲುತೊಂಡೆಗಳಿಗೆ ದಾರಿಯಾಗುತ್ತದೆ. ಎದುರುಬದುರು ಕಿಟಕಿಗಳೂ ಸೂರಿನ ಬಳಿ ಗಾಳಿಗಂಡಿಗಳೂ ಬೇಕು. ತಗಡಿನ ಸೂರಾದರೆ ಬೇಸಗೆಯಲ್ಲಿ ಮೇಲೆ ತೆಂಗಿನ ಗರಿ ಹೊದಿಸಬೇಕು. ಊಜಿ ನೊಣ 1980ರಲ್ಲಿ ಕರ್ನಾಟಕಕ್ಕೆ ಬಂದಂದಿನಿಂದ ಕಿಟಕಿ ಬಾಗಿಲುಗಳಿಗೆ ನೈಲಾನ್ ಪರದೆ ಅನಿವಾರ್ಯ. ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ಇರಿಸಬೇಕು.

ಮೂರನೆಯದು ಶುಚಿ. ತೊಳೆಯಲು ಬರುವ ಸಿಮೆಂಟಿನ ನೆಲ, ಸುಣ್ಣ ಬಳಿದ ಗೋಡೆ ಇರಲಿ. ಬೆಳೆ ಮುಗಿದೊಡನೆ 100 ಲೀಟರ್ ನೀರಿಗೆ 2 ಕಿಲೋ ಬ್ಲೀಚಿಂಗ್ ಪುಡಿ, 300 ಗ್ರಾಂ ಅರಳಿದ ಸುಣ್ಣ ಬೆರೆಸಿ ಗೋಡೆ, ನೆಲ, ತಟ್ಟೆ, ಚಂದ್ರಿಕೆಗಳಿಗೆಲ್ಲ ಸಿಂಪಡಿಸಬೇಕು. ಸಿಂಪಡಿಸುವವರು ಮೂಗುಬಾಯಿ ಮುಚ್ಚಿಕೊಳ್ಳಬೇಕು. ಮಕ್ಕಳು ಹತ್ತಿರ ಸುಳಿಯಬಾರದು. ಒಳಗೆ ಹೋಗುವವರು ದನದ ಕೆಲಸ ಮಾಡಿದ ಕೈಕಾಲುಗಳನ್ನು ತೊಳೆದೇ ಹೋಗಬೇಕು. ರೋಗದ ಹುಳುವನ್ನು ಅಂಗಳಕ್ಕೆ ಎಸೆಯದೆ ಸುಣ್ಣದ ನೀರಿಗೆ ಹಾಕಿ ಹೂಳಬೇಕು.

ಕಟ್ಟುವ ಮುನ್ನ ತಾಲ್ಲೂಕಿನ ರೇಷ್ಮೆ ಇಲಾಖೆಯ ಕಛೇರಿಗೆ ಹೋಗಿ ಸಹಾಯಧನದ ನಿಯಮಗಳನ್ನು ಕೇಳಿ ತಿಳಿಯಿರಿ. ಗೋಡೆ ಎದ್ದ ಮೇಲೆ ಹೋದರೆ ಪ್ರಯೋಜನವಾಗದೆ ಹೋದೀತು.

ಪ್ರಿಯರೇ, ನೂರು ಮೊಟ್ಟೆಯೆಂದು ನಾವು ಕರೆಯುವ ನೂರು ಚಿಟ್ಟೆಗಳ ಸಂತಾನವೆಂದರೆ ಸುಮಾರು 40,000 ಹುಳುಗಳು. ಅವು ಒಂದೇ ವಾರದಲ್ಲಿ ನೆಲಕಚ್ಚಿದರೆ ಸಾಲ ಮಾತ್ರ ನಮ್ಮ ಪಾಲಿಗೆ ಉಳಿಯುತ್ತದೆ. ಈ ಬೆಳೆಯ ದುಡಿಮೆಯಲ್ಲಿ ದೊಡ್ಡ ಪಾಲು ನಮ್ಮ ತಾಯಂದಿರದು, ಸೊಸೆಯಂದಿರದು. ಹಗಲಿರುಳು ಸೊಪ್ಪು ಕೊಡುವ ಅವರಿಗೆ ಮಲಗಲು ಒಂದು ಸ್ವಚ್ಛವಾದ ನಡುಮನೆಯನ್ನು ಹಿಂತಿರುಗಿಸುವುದು ಉಪಕಾರವಲ್ಲ, ನ್ಯಾಯ. ಕೊಟ್ಟಿಗೆಯಲ್ಲಿ ಏಳುವ ಆ ಒಂದು ಗೋಡೆ ಬೆಳೆಯನ್ನೂ ಕಾಯುತ್ತದೆ, ಮನೆಯನ್ನೂ ಮನೆಯಾಗಿ ಉಳಿಸುತ್ತದೆ. ಮುಂದಿನ ಬೆಳೆಗೆ ಮುನ್ನ ಪ್ರತಿಯೊಂದು ಕುಟುಂಬವೂ ಇದನ್ನು ಕುಳಿತು ಆಲೋಚಿಸಲೆಂದು ವಿನಂತಿಸುತ್ತೇವೆ.