ತೂಬು ಮುಚ್ಚಿದವರು ಯಾರು?



ಕಡೂರು ತಾಲ್ಲೂಕಿನ ಸಿಂಗಟಗೆರೆಯಿಂದ ಒಬ್ಬರು ಕೇಳಿದ್ದಾರೆ: ‘ಸಾರ್, ಬೆಳಗ್ಗೆ ನೋಡಿದ ವಿಡಿಯೋ ಸಂಜೆ ಹುಡುಕಿದ್ರೆ ಇಲ್ಲ. ನಿಮ್ಮ ದೇಶದಲ್ಲಿ ಲಭ್ಯವಿಲ್ಲ ಅಂತ ಬರುತ್ತೆ. ತೆಗೆದಿದ್ದು ಯಾರು?’ ನೋಡಿ, ಪ್ರಶ್ನೆ ಒಂದೇ ಸಾಲಿನದು. ದಿಲ್ಲಿಯಲ್ಲಿ ಕೂತವರೂ ಇದಕ್ಕೆ ನೇರವಾಗಿ ಉತ್ತರ ಕೊಡೋದಿಲ್ಲ.

ಮೊದಲು ನೆರೆಮನೆಯವರ ಕಥೆ ಹೇಳಿಬಿಡ್ತೀನಿ. 2008ರ ಫೆಬ್ರವರಿ 24. ಪಾಕಿಸ್ತಾನದಲ್ಲಿ ಯೂಟ್ಯೂಬ್ ಮುಚ್ಚಿ ಅಂತ ಅಪ್ಪಣೆಯಾಗಿತ್ತು. ಅಲ್ಲಿನ ಟೆಲಿಕಾಂ ಕಂಪನಿ ಏನು ಮಾಡ್ತು? ಯೂಟ್ಯೂಬ್‌ಗೆ ಹೋಗುವ ದಾರಿ ನಮ್ಮಲ್ಲೇ ಇದೆ ಅಂತ ಇಂಟರ್ನೆಟ್ಟಿಗೆ ಸುಳ್ಳು ದಾರಿ ತೋರಿಸಿತು. ಹೊರದೇಶಗಳವರ ಕೋರಿಕೆಗಳೂ ಅಲ್ಲಿಗೇ ಹೋಗಿ ಬಿದ್ದವು. ಸುಮಾರು ಎರಡು ಗಂಟೆ ಜಗತ್ತಿನ ಬಹುಭಾಗಕ್ಕೆ ಯೂಟ್ಯೂಬೇ ಇಲ್ಲ! ತನ್ನ ಹೊಲಕ್ಕೆ ನೀರು ಬೇಡ ಅಂದವನು ಇಡೀ ಕೆರೆಯ ತೂಬು ಮುಚ್ಚಿದ ಹಾಗೆ.

2012ರ ಸೆಪ್ಟೆಂಬರ್‌ನಲ್ಲಿ ‘ಇನ್ನೊಸೆನ್ಸ್ ಆಫ್ ಮುಸ್ಲಿಮ್ಸ್’ ಅನ್ನುವ ತುಣುಕು ಬಂತು. ಪಾಕಿಸ್ತಾನ ಮತ್ತೆ ಯೂಟ್ಯೂಬ್ ಮುಚ್ಚಿತು, ತೆರೆದದ್ದು 2016ರ ಜನವರಿಯಲ್ಲಿ. ಬಾಂಗ್ಲಾದೇಶ 2013ರ ಜೂನ್‌ವರೆಗೆ ಬಾಗಿಲು ಹಾಕಿತ್ತು. ಒಂದು ತುಣುಕಿಗೆ ಮಕ್ಕಳ ಪಾಠ, ಹಾಡು, ಅಡುಗೆ ಎಲ್ಲ ಬಂದ್. ನೇಪಾಳದ್ದಂತೂ ಮೊನ್ನೆ ಮೊನ್ನೆಯದು. ನೋಂದಣಿ ಮಾಡಿಸಿಲ್ಲ ಅಂತ 2025ರ ಸೆಪ್ಟೆಂಬರ್ 4ರಂದು ಯೂಟ್ಯೂಬ್ ಸೇರಿ 26 ತಾಣಗಳಿಗೆ ನಿಷೇಧ. 8ನೇ ತಾರೀಕು ಹುಡುಗರು ಬೀದಿಗಿಳಿದರು, ಅವತ್ತೇ 19 ಹೆಣ ಬಿತ್ತು. ರಾತ್ರಿ ನಿಷೇಧ ಹೋಯ್ತು, ಮರುದಿನ ಪ್ರಧಾನಿ ಓಲಿಯವರೂ ಹೋದರು.

ನಮ್ಮ ದೇಶ ಹಾಗೆ ಮಾಡಲಿಲ್ಲ. 2012ರ ಆ ತುಣುಕನ್ನಷ್ಟೇ ಇಲ್ಲಿ ತಡೆದರು. ಜಾಣತನವೇ ಸರಿ. ಇಲ್ಲಿ ತೂಬು ತೆರೆದೇ ಇದೆ. ಆದ್ರೆ ಒಬ್ಬನ ಗದ್ದೆಯ ಕಾಲುವೆಗೆ ಮಾತ್ರ ರಾತ್ರೋರಾತ್ರಿ ಮಣ್ಣು ಬಿದ್ದಿರುತ್ತೆ. ಯಾರು ಹಾಕಿದ್ರು ಅಂತ ನೀರುಗಂಟಿಯನ್ನ ಕೇಳಿದ್ರೆ ಅವನೂ ಬಾಯಿ ಬಿಡಲ್ಲ.

ಏನನ್ನೂ ತೆಗೆಯಬಾರದು ಅನ್ನೋ ಪೈಕಿ ನಾನಲ್ಲ ಸ್ವಾಮಿ. ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗೆ ಅಂತ ಒಂದು ಜಾಗೃತಿ ವಿಡಿಯೋ ಮಾಡಿದ್ದರು. ಬೈಕಿನವರು ಮಗುವನ್ನ ಎತ್ತಿಕೊಂಡು ಹೋಗಿ ವಾಪಸ್ ತಂದು ಬಿಡ್ತಾರೆ. ಆ ವಾಪಸ್ ಬಿಡೋ ಭಾಗವನ್ನ ಯಾರೋ ಕತ್ತರಿಸಿ, ಮಕ್ಕಳ ಕಳ್ಳರು ಅಂತ ನಮ್ಮ ಫೋನುಗಳಿಗೆ ಬಿಟ್ಟರು. ಆ ವದಂತಿಯ ಕಾವಿನಲ್ಲೇ, 2018ರ ಜುಲೈನಲ್ಲಿ, ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಶಾಲೆ ಮಕ್ಕಳಿಗೆ ಚಾಕಲೇಟ್ ಕೊಟ್ಟ ತಪ್ಪಿಗೆ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬನನ್ನ ಜನ ಬಡಿದು ಕೊಂದರು. ಅಂಥ ವಿಡಿಯೋ ತೆಗೀಬೇಕು, ಬೇಗನೂ ತೆಗೀಬೇಕು.

ಆದರೆ ತೆಗೆದವರು ಹೆಸರು ಹೇಳಬೇಕಲ್ವಾ? ಐಟಿ ಕಾಯ್ದೆಯ 69ಎ ಕಲಂ ಇದೆ. ಅದರಡಿ 2009ರಲ್ಲಿ ಬಂದ ನಿಯಮಗಳಿವೆ. ಅಪ್‌ಲೋಡ್ ಮಾಡಿದವನಿಗೆ ‘ಅಥವಾ’ ಕಂಪನಿಗೆ ನೋಟಿಸ್ ಕೊಡಿ ಅನ್ನುತ್ತೆ ನಿಯಮ. ಆ ‘ಅಥವಾ’ ಹಿಡ್ಕೊಂಡು ಕಂಪನಿಗೆ ಹೇಳಿ ಕೈತೊಳೆದುಕೊಳ್ಳಬಹುದು. 16ನೇ ನಿಯಮದ ಪ್ರಕಾರ ದೂರೂ ಗೋಪ್ಯ, ಕ್ರಮವೂ ಗೋಪ್ಯ. ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು, ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಬಹುದು ಅನ್ನೋ ಕಾರಣಕ್ಕೇ 2015ರ ಶ್ರೇಯಾ ಸಿಂಘಾಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ಕಲಂ ಉಳಿಸಿತು. ಅಲ್ರೀ, ಕಣ್ಣಿಗೇ ಕಾಣದ ಆದೇಶವನ್ನ ಪ್ರಶ್ನಿಸೋದು ಹೇಗೆ?

ಕೋರ್ಟಿನ ಆದೇಶಗಳಲ್ಲೂ ಇದೇ ಪಾಡು. 2025ರ ಜುಲೈನಲ್ಲಿ ಧರ್ಮಸ್ಥಳ ಪ್ರಕರಣದ ಸುದ್ದಿಗಳ ಬಗ್ಗೆ ಬೆಂಗಳೂರಿನ ಸಿವಿಲ್ ಕೋರ್ಟಿನಿಂದ ತಾತ್ಕಾಲಿಕ ಆದೇಶ ಬಂತು. ಎದುರು ಕಕ್ಷಿಯವರ ಮಾತು ಕೇಳುವ ಮೊದಲೇ 8,842 ಲಿಂಕ್ ತೆಗೆಯಿರಿ ಅಂತ. ಅದರಲ್ಲಿ 4,140 ಯೂಟ್ಯೂಬ್ ವಿಡಿಯೋ. ಯಾವುದು ಮಾನಹಾನಿ, ಯಾವುದು ಬರೀ ಸುದ್ದಿ? ಒಂದೊಂದನ್ನೂ ನೋಡಿ ಬೇರೆ ಮಾಡಬೇಕಿತ್ತು. ಒಂದು ಯೂಟ್ಯೂಬ್ ಚಾನೆಲ್ ಹೈಕೋರ್ಟಿಗೆ ಹೋಯ್ತು. ಆಗಸ್ಟ್ 1ರಂದು ಹೈಕೋರ್ಟ್ ಆ ಆದೇಶ ರದ್ದು ಮಾಡಿ, ಹೊಸದಾಗಿ ವಿಚಾರಣೆ ಮಾಡಿ ಅಂತ ವಾಪಸ್ ಕಳಿಸಿತು. ನಮ್ಮಂಥ ಚಾನೆಲ್‌ಗಳಿಗೆ ವಕೀಲರಿದ್ದಾರೆ, ಬಿಡಿ. ಒಂದು ಫೋನ್ ಹಿಡ್ಕೊಂಡು ವಿಡಿಯೋ ಮಾಡೋ ಹಳ್ಳಿಯ ಹುಡುಗ ಬೆಂಗಳೂರಿಗೆ ಎಷ್ಟು ಸಲ ಬಸ್ ಹತ್ತಬೇಕು?

ಐಟಿ ಸಚಿವಾಲಯಕ್ಕೆ ನಾನು ಕೇಳೋದು ಇಷ್ಟೇ. ‘ಲಭ್ಯವಿಲ್ಲ’ ಅಂತ ತೋರಿಸೋ ಜಾಗದಲ್ಲೇ ಇನ್ನೆರಡು ಸಾಲು ಹಾಕಿಸಿ: ಆದೇಶ ಯಾರದು, ಯಾವ ತಾರೀಕಿನದು, ಕಾರಣ ಏನು, ಮೇಲ್ಮನವಿ ಎಲ್ಲಿ. ಕನ್ನಡದಲ್ಲಿ.