ಮೂರು ತಲೆಮಾರಿನ ಮೂಲಕಣಗಳು



ನಮ್ಮ ದೇಹ, ಈ ಕಟ್ಟಡ, ಅಂಗಳದ ಮರ ಇವೆಲ್ಲವನ್ನೂ ಕಟ್ಟಲು ಪ್ರಕೃತಿಗೆ ಮೂರು ಬಗೆಯ ಕಣಗಳು ಸಾಕು: ಅಪ್ ಕ್ವಾರ್ಕು, ಡೌನ್ ಕ್ವಾರ್ಕು ಮತ್ತು ಎಲೆಕ್ಟ್ರಾನು. ಇವುಗಳೊಡನೆ ನ್ಯೂಟ್ರಿನೋ ಎಂಬ ಅತಿ ಹಗುರವಾದ ಕಣವನ್ನು ಸೇರಿಸಿದರೆ ಒಂದು ಸಂಸಾರ ಪೂರ್ಣವಾಗುತ್ತದೆ. ಹೀಗಿರಲು, 1936ರಲ್ಲಿ ಅಮೆರಿಕದ ಆಂಡರ್ಸನ್ ಮತ್ತು ನೆಡರ್‌ಮೇಯರ್ ಎಂಬವರು ವಿಶ್ವಕಿರಣಗಳಲ್ಲಿ ಹೊಸ ಕಣವೊಂದನ್ನು ಕಂಡರು. ಅದೇ ಮ್ಯುವಾನು. ಅದರ ಗುಣವೆಲ್ಲ ಎಲೆಕ್ಟ್ರಾನಿನದೇ; ತೂಕ ಮಾತ್ರ 207 ಮಡಿ. ಇದನ್ನು ತರಹೇಳಿದವರಾರು ಎಂದು ರಾಬಿ ಎಂಬ ವಿಜ್ಞಾನಿ ಕೇಳಿದರಂತೆ. 1965ರಲ್ಲಿ ಕೋಲಾರದ ಚಿನ್ನದ ಗಣಿಯ ಎರಡು ಕಿಲೋಮೀಟರಿಗೂ ಮಿಕ್ಕ ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಕುರುಹು ದೊರೆತದ್ದೂ ಈ ಮ್ಯುವಾನುಗಳ ಮೂಲಕವೇ.

1975ರಲ್ಲಿ ಟೌ ಎಂಬ ಮೂರನೆಯ ಸೋದರ ಕಾಣಿಸಿಕೊಂಡಿತು. ಅದರ ತೂಕ ಎಲೆಕ್ಟ್ರಾನಿನ ಸುಮಾರು 3477 ಮಡಿ. ಕ್ವಾರ್ಕುಗಳಲ್ಲಿಯೂ ಹಾಗೆಯೇ ಮೂರು ಜೋಡಿಗಳು. ಕೊನೆಯ ಟಾಪ್ ಕ್ವಾರ್ಕು ದೊರೆತದ್ದು 1995ರಲ್ಲಿ. ಇವನ್ನು ತಲೆಮಾರುಗಳೆಂದು ಕರೆಯುವುದು ರೂಢಿ. ಆದರೆ ಇಲ್ಲಿ ಅಜ್ಜ ಮೊಮ್ಮಕ್ಕಳ ಸಂಬಂಧವಿಲ್ಲ. ಒಂದೇ ರೂಪದ ಮೂವರು ಸೋದರರೆಂದರೆ ಸರಿಯಾದೀತು. ಜಿನೀವಾದ ಸೆರ್ನ್ ಸಂಸ್ಥೆಯಲ್ಲಿ 1989ರಿಂದ ನಡೆದ ಅಳತೆಗಳು ಹಗುರ ನ್ಯೂಟ್ರಿನೋಗಳು ಮೂರೇ ಬಗೆಯೆಂದು ತೋರಿಸಿದವು.

ಮೂರೇ ಏಕೆ? ಇದಕ್ಕೆ ಉತ್ತರವನ್ನು ಹಲವರು ಗೇಜ್ ಸಮಮಿತಿಯಲ್ಲಿ ಅರಸಿದ್ದಾರೆ. ಗೇಜ್ ಎಂದರೆ ಅಳತೆಗೋಲು. ಊರಿಗೊಂದು ಸೇರು ಇದ್ದ ಕಾಲದ ಮಾತನ್ನು ನೀವು ಹಿರಿಯರಿಂದ ಕೇಳಿರಬಹುದು. ಸೇರು ಬೇರೆಯಾದರೂ ರಾಶಿಯ ಬತ್ತ ಬದಲಾಗದು. ಆದರೆ ಎರಡು ಊರುಗಳ ನಡುವೆ ವ್ಯಾಪಾರ ನಡೆಯಲು ಈ ಸೇರನ್ನು ಆ ಸೇರಿಗೆ ಹೊಂದಿಸುವವನೊಬ್ಬ ಬೇಕು. ಎಡೆಯಿಂದ ಎಡೆಗೆ ಅಳತೆಗೋಲನ್ನು ಬದಲಿಸಿದರೂ ಪ್ರಕೃತಿಯ ನಿಯಮ ಬದಲಾಗಕೂಡದೆಂಬುದೇ ಗೇಜ್ ಸಮಮಿತಿ. ಹೊಂದಿಸುವ ಮಧ್ಯಸ್ಥರೇ ಬಲವನ್ನು ಒಯ್ಯುವ ಕಣಗಳು. ಬೆಳಕಿನ ಕಣವಾದ ಫೋಟಾನು ಅವುಗಳಲ್ಲೊಂದು.

ಈ ಸಮಮಿತಿ ಕೆಡದಿರಬೇಕಾದರೆ ಸಂಸಾರದ ಜಮಾಖರ್ಚು ಸರಿಹೋಗಬೇಕು. ಅದರಲ್ಲಿ ಒಂದು ಲೆಕ್ಕವನ್ನು ವಿದ್ಯಾರ್ಥಿಗಳೇ ಮಾಡಿ ನೋಡಬಹುದು. ಪ್ರತಿಯೊಂದು ಕ್ವಾರ್ಕಿಗೂ ಮೂರು ಬಣ್ಣಗಳಿವೆ (ಕಣ್ಣಿಗೆ ಕಾಣುವ ಬಣ್ಣವಲ್ಲ, ಹೆಸರು ಮಾತ್ರ). ಅಪ್ ಕ್ವಾರ್ಕಿನ ವಿದ್ಯುದಂಶ +2/3. ಮೂರು ಸೇರಿ +2. ಡೌನ್ ಕ್ವಾರ್ಕಿನದು −1/3. ಮೂರು ಸೇರಿ −1. ಎಲೆಕ್ಟ್ರಾನಿನದು −1, ನ್ಯೂಟ್ರಿನೋವಿನದು ಸೊನ್ನೆ. ಕೂಡಿದರೆ ಬರುವುದು ಸೊನ್ನೆ! ವಿದ್ಯುದಂಶವುಳ್ಳ ಒಬ್ಬ ಸದಸ್ಯ ತಪ್ಪಿದರೂ ಈ ಲೆಕ್ಕ ಕೆಡುತ್ತದೆ. ಆದರೆ ತೊಡಕು ಇಲ್ಲಿಯೇ ಇದೆ. ಒಂದೊಂದು ಸಂಸಾರವೂ ತನ್ನ ಲೆಕ್ಕವನ್ನು ತಾನೇ ತೀರಿಸಿಕೊಳ್ಳುವುದರಿಂದ, ಸಂಸಾರ ಒಂದಿದ್ದರೂ ಹತ್ತಿದ್ದರೂ ಈ ನಿಯಮಕ್ಕೆ ಆಕ್ಷೇಪವಿಲ್ಲ.

ಆದುದರಿಂದ ಕೆಲವರು ಸೋದರರ ನಡುವೆಯೇ ಹೊಸದೊಂದು ಸಮಮಿತಿಯನ್ನು ಊಹಿಸಿದರು. ಅದು ನಿಜವಾದರೆ ಮ್ಯುವಾನು ಅಪರೂಪಕ್ಕಾದರೂ ಎಲೆಕ್ಟ್ರಾನಾಗಿ ಮಾರ್ಪಟ್ಟು, ಜೊತೆಗೆ ಬೆಳಕಿನ ಕಣವೊಂದನ್ನಷ್ಟೇ ಹೊರಸೂಸಬಹುದು. ಸ್ವಿಟ್ಜರ್ಲೆಂಡಿನಲ್ಲಿ ನಡೆಸಿದ ಶೋಧದ ಫಲ 2016ರಲ್ಲಿ ಪ್ರಕಟವಾಯಿತು: ಹತ್ತು ಲಕ್ಷ ಕೋಟಿ ಮ್ಯುವಾನುಗಳಲ್ಲಿ ಹಾಗಾಗುವಂಥವು ಐದನ್ನು ಮೀರವು. ಆ ಬಳಿಕ ಶೋಧ ಇನ್ನೂ ಸೂಕ್ಷ್ಮವಾಗಿದೆ. ಅಂಥ ಘಟನೆ ಮಾತ್ರ ಕಂಡಿಲ್ಲ.

1992ರಲ್ಲಿ ಪಿಸಾನೊ ಮತ್ತು ಪ್ಲೇಟೆಸ್ ಅವರೂ, ಬೇರೆಯಾಗಿ ಫ್ರಾಂಪ್ಟನ್ ಅವರೂ ಇನ್ನೊಂದು ದಾರಿಯನ್ನು ತೋರಿಸಿದರು. ಅವರ ಸಮಮಿತಿ ಹೆಚ್ಚು ವಿಶಾಲವಾದುದು. ಅದರಲ್ಲಿ ಒಂದು ಸಂಸಾರದ ಲೆಕ್ಕ ತನ್ನಷ್ಟಕ್ಕೆ ತೀರುವುದಿಲ್ಲ. ಮೂರೂ ಒಟ್ಟುಗೂಡಿದಾಗಲೇ ಸೊನ್ನೆಯಾಗುತ್ತದೆ. ಬಣ್ಣಗಳು ಮೂರು, ಆದ್ದರಿಂದ ತಲೆಮಾರುಗಳೂ ಮೂರು! ನನಗಂತೂ ಈ ವಾದವೇ ಹೆಚ್ಚು ಸೊಗಸಾಗಿ ತೋರುತ್ತದೆ. ಆದರೆ ಅದಕ್ಕೆ ಅವಶ್ಯವಾದ ಹೊಸ ಭಾರದ ಕಣಗಳು ಇದುವರೆಗೆ ಸಿಕ್ಕಿಲ್ಲ. ಮ್ಯುವಾನು 207 ಮಡಿಯೇ ಏಕೆ, ಟೌ 3477 ಮಡಿಯೇ ಏಕೆ ಎಂಬುದನ್ನು ಎಲ್ಲರೂ ಒಪ್ಪುವಂತೆ ಈ ಎರಡು ವಾದಗಳಲ್ಲಿ ಯಾವುದೂ ಇನ್ನೂ ಹೇಳಿಲ್ಲ.