ಕೆಲಸ ನಿಂತ ದಿನದ ಸಂಬಳ



ನಾವು ಕೂಡಿಸೋದು, ಕಳೆಯೋದು, ಗುಣಿಸೋದು, ಭಾಗಿಸೋದು ಕಲಿತಿದ್ದೇವೆ. ಇವತ್ತು ಈ ನಾಲ್ಕು ಲೆಕ್ಕವನ್ನೂ ಸಂಬಳಕ್ಕೆ ಹಚ್ಚಿ ನೋಡೋಣ.

ನಮ್ಮಲ್ಲಿ ಎಷ್ಟೋ ಜನರಿಗೆ ಕೆಲಸ ಕಾರ್ಖಾನೆಯಲ್ಲಿ, ಹಾಜರಿ ಮಾತ್ರ ಗುತ್ತಿಗೆದಾರರ ಪುಸ್ತಕದಲ್ಲಿ. ಒಂದು ದಿನ ಬೆಳಗ್ಗೆ ಗೇಟಿನಲ್ಲಿ ಹೇಳುತ್ತಾರೆ: "ಇವತ್ತು ಮಾಲು ಬಂದಿಲ್ಲ, ನಾಳೆ ಬನ್ನಿ." ನಾಳೆ ಹೋದರೆ, "ಮಿಷನ್ ಕೆಟ್ಟಿದೆ, ಸೋಮವಾರ ಬನ್ನಿ." ಹೀಗೇ ಹತ್ತು ದಿನ ಕಳೆಯುತ್ತದೆ. ಕೆಲಸ ಇಲ್ಲ, ಹಾಗಾಗಿ ಸಂಬಳವೂ ಇಲ್ಲ ಅಂದುಕೊಂಡು ನಾವು ಸುಮ್ಮನಾಗುತ್ತೇವೆ. ಅಂಗಡಿಯ ಸಾಲ ಸುಮ್ಮನಿರುತ್ತದೆಯೇ?

ಇದಕ್ಕೆ ಏನು ಹೆಸರು?

ಇದಕ್ಕೆ ಲೇ-ಆಫ್ ಎಂದು ಹೆಸರು. ಕರೆಂಟು ಇಲ್ಲ, ಕಚ್ಚಾ ಮಾಲು ಇಲ್ಲ, ಯಂತ್ರ ಕೆಟ್ಟಿದೆ, ಮಾಡಿದ ಮಾಲು ಖರ್ಚಾಗದೆ ಉಳಿದಿದೆ. ಇಂಥ ಕಾರಣಕ್ಕೆ ಮಾಲೀಕರು ಸ್ವಲ್ಪ ದಿನ ಕೆಲಸ ಕೊಡಲಾಗದಿದ್ದರೆ ಅದು ಲೇ-ಆಫ್. ಕೆಲಸದಿಂದ ತೆಗೆದುಹಾಕುವುದು ಬೇರೆ. ಲೇ-ಆಫ್‌ನಲ್ಲಿ ಕೆಲಸ ನಮ್ಮದಾಗಿಯೇ ಇರುತ್ತದೆ.

ಲೇ-ಆಫ್ ದಿನಗಳಿಗೆ ಅರ್ಧ ಸಂಬಳ ಕೊಡಬೇಕು ಎಂಬ ನಿಯಮ ಹಳೆಯದು. 1947ರ ಕೈಗಾರಿಕಾ ವಿವಾದ ಕಾಯ್ದೆಗೆ 1953ರಲ್ಲಿ ಇದನ್ನು ಸೇರಿಸಿದರು. 2025ರ ನವೆಂಬರ್ 21ರಂದು ಆ ಕಾಯ್ದೆಯ ಜಾಗಕ್ಕೆ 2020ರ ಕೈಗಾರಿಕಾ ಸಂಬಂಧ ಸಂಹಿತೆ ಬಂತು. ಅರ್ಧ ಸಂಬಳದ ನಿಯಮ ಅದರಲ್ಲೂ ಇದೆ.

ಯಾರಿಗೆ ಸಿಗುತ್ತದೆ?

ಎಲ್ಲರಿಗೂ ಸಿಗುವುದಿಲ್ಲ. ಮೂರು ಮಾತು ನೆನಪಿಡಿ.

ಒಂದು, ಸಂಸ್ಥೆಯಲ್ಲಿ 50 ಅಥವಾ ಹೆಚ್ಚು ಕೆಲಸಗಾರರು ಇರಬೇಕು. ಸುಗ್ಗಿಯಲ್ಲಿ ಮಾತ್ರ ನಡೆಯುವ ಕೆಲಸಕ್ಕೆ ಇದು ಅನ್ವಯಿಸುವುದಿಲ್ಲ.

ಎರಡು, ನಮ್ಮ ಹೆಸರು ಹಾಜರಿ ಪುಸ್ತಕದಲ್ಲಿ ಇರಬೇಕು.

ಮೂರು, ಒಂದು ವರ್ಷದ ಸತತ ಸೇವೆ ಆಗಿರಬೇಕು. ಹನ್ನೆರಡು ತಿಂಗಳಲ್ಲಿ 240 ದಿನ ಕೆಲಸ ಮಾಡಿದ್ದರೆ ಒಂದು ವರ್ಷ ಎಂದು ಹಿಡಿಯುತ್ತಾರೆ. ಸಂಬಳ ಸಹಿತವಾದ ವಾರದ ರಜೆಯನ್ನೂ ಎಣಿಸಬೇಕು ಎಂದು 1985ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಾನೂನಿನ ಮಿತಿಯೊಳಗಿನ ಹೆರಿಗೆ ರಜೆ, ಕೆಲಸದಲ್ಲಿ ಪೆಟ್ಟು ಬಿದ್ದು ಮನೆಯಲ್ಲಿದ್ದ ದಿನಗಳೂ ಲೆಕ್ಕಕ್ಕೆ ಬರುತ್ತವೆ.

ಬಿಡಿ ದಿನಗೂಲಿಯವರಿಗೆ, ಬದಲಿ ಕೆಲಸಗಾರರಿಗೆ ಇದು ಇಲ್ಲ. ಆದರೆ ಬದಲಿಯವರು ಒಂದು ವರ್ಷದ ಸತತ ಸೇವೆ ಮುಗಿಸಿದರೆ ಅವರನ್ನು ಬದಲಿ ಎನ್ನುವಂತಿಲ್ಲ. ನೋಡಿದಿರಾ? ದಿನದ ಎಣಿಕೆ ಎಷ್ಟು ಮುಖ್ಯ!

ಲೆಕ್ಕ ಹಾಕೋಣ

ಒಬ್ಬ ಅಕ್ಕನಿಗೆ ತಿಂಗಳಿಗೆ ಮೂಲ ವೇತನ 9,000 ರೂಪಾಯಿ, ತುಟ್ಟಿಭತ್ಯೆ 4,000 ರೂಪಾಯಿ ಎಂದುಕೊಳ್ಳಿ. ಇವೆರಡನ್ನು ಮಾತ್ರ ಕೂಡಿಸಬೇಕು. ಬಸ್ ಖರ್ಚು, ಓವರ್‌ಟೈಮ್ ಸೇರಿಸಬಾರದು. ಕೂಡಿದರೆ 13,000.

ವಾರದ ರಜೆ ಬಿಟ್ಟು ತಿಂಗಳಿಗೆ 26 ದಿನ ಹಿಡಿಯೋಣ. 13,000ವನ್ನು 26ರಿಂದ ಭಾಗಿಸಿದರೆ ದಿನಕ್ಕೆ 500. ಅದರ ಅರ್ಧ 250.

ಕೆಲಸ 12 ದಿನ ನಿಂತಿತ್ತು. ನಡುವೆ 2 ಭಾನುವಾರ, ವಾರದ ರಜೆ. ಅದನ್ನು ಕಳೆಯಬೇಕು. ಉಳಿದದ್ದು 10 ದಿನ. 250ನ್ನು 10ರಿಂದ ಗುಣಿಸಿದರೆ 2,500 ರೂಪಾಯಿ. ಆ ಅಕ್ಕನಿಗೆ ಬರಬೇಕಾದದ್ದು ಇಷ್ಟು.

ಇನ್ನೊಂದು ಲೆಕ್ಕ. ಬೆಳಗ್ಗೆ ಹೋದಾಗ, "ಈಗ ಕೆಲಸ ಇಲ್ಲ, ಮಧ್ಯಾಹ್ನದ ಮೇಲೆ ಬನ್ನಿ" ಎಂದರು. ಮಧ್ಯಾಹ್ನ ಕೆಲಸ ಕೊಟ್ಟರೆ ಅರ್ಧ ದಿನ ಮಾತ್ರ ಲೇ-ಆಫ್. ಮಧ್ಯಾಹ್ನ ಹೋದರೂ ಕೆಲಸ ಕೊಡಲಿಲ್ಲ ಅನ್ನಿ. ಆಗ ಬೆಳಗಿನ ಅರ್ಧ ದಿನಕ್ಕೆ ಅರ್ಧ ಸಂಬಳ, 125 ರೂಪಾಯಿ. ಮಧ್ಯಾಹ್ನದ ಅರ್ಧ ದಿನಕ್ಕೆ ಪೂರಾ ಸಂಬಳ, 250 ರೂಪಾಯಿ. ಒಟ್ಟು 375.

ಎಲ್ಲಿ ಕೈ ತಪ್ಪುತ್ತದೆ?

ಲೇ-ಆಫ್ ದಿನವೂ ಕೆಲಸದ ವೇಳೆಯಲ್ಲಿ ಒಂದು ಸಲ ಹೋಗಿ ಹಾಜರಾಗಬೇಕು. ಹೇಗೂ ಕೆಲಸ ಇಲ್ಲವಲ್ಲ ಅಂತ ಮನೆಯಲ್ಲೇ ಕೂತರೆ ಆ ದಿನದ ದುಡ್ಡು ಹೋಯಿತು. ಹೋದ ಎರಡು ಗಂಟೆಯೊಳಗೆ ಕೆಲಸ ಕೊಡದಿದ್ದರೆ ಆ ದಿನ ಲೇ-ಆಫ್ ಎಂದೇ ಲೆಕ್ಕ.

ಹನ್ನೆರಡು ತಿಂಗಳಲ್ಲಿ 45 ದಿನ ದಾಟಿದ ಮೇಲೆ ಕೊಡುವುದಿಲ್ಲ ಎಂದು ಒಪ್ಪಂದವಾಗಿದ್ದರೆ, ಆಮೇಲಿನ ದಿನಗಳಿಗೆ ಸಿಗುವುದಿಲ್ಲ. ಆದ್ದರಿಂದ ಯಾವ ಕಾಗದಕ್ಕೂ ಓದದೆ ಸಹಿ ಹಾಕಬೇಡಿ. ಹೆಬ್ಬೆಟ್ಟು ಒತ್ತುವ ಕಾಲ ನಮಗೆ ಮುಗಿಯಿತು.

"ನಮ್ಮನ್ನು ಕೇಳಬೇಡಿ, ಗುತ್ತಿಗೆದಾರರನ್ನು ಕೇಳಿ" ಎಂದು ಕಾರ್ಖಾನೆಯವರು ಹೇಳುತ್ತಾರೆ. ಗುತ್ತಿಗೆದಾರರು "ಕಾರ್ಖಾನೆಯಿಂದ ಬಂದಿಲ್ಲ" ಎನ್ನುತ್ತಾರೆ. ಸಂಬಳ ಕೊಡುವ ಹೊಣೆ ಮೊದಲು ಗುತ್ತಿಗೆದಾರರದು. ಅವರು ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮುಖ್ಯ ಮಾಲೀಕರು ಸಂಬಳ ಕೊಟ್ಟು, ಆಮೇಲೆ ಗುತ್ತಿಗೆದಾರರಿಂದ ವಸೂಲು ಮಾಡಿಕೊಳ್ಳಬೇಕು. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲಿ ಹೀಗೆ ಇತ್ತು. ಈಗಿನ ಸಂಹಿತೆಯಲ್ಲೂ ಹೀಗೇ ಇದೆ.

ನಾವು ಮಾಡಬೇಕಾದದ್ದು

ಒಂದು ಸಣ್ಣ ನೋಟ್‌ಬುಕ್ ಇಡೋಣ. ದಿನಾ ರಾತ್ರಿ ಒಂದು ಸಾಲು ಬರೆದರೆ ಸಾಕು. ತಾರೀಖು, ಹೋದ ಹೊತ್ತು, ಕೆಲಸ ಕೊಟ್ಟರೋ ಇಲ್ಲವೋ, ಯಾರು ಏನು ಹೇಳಿದರು. ಮೊದಲ ಪುಟದಲ್ಲಿ ಗುತ್ತಿಗೆದಾರರ ಹೆಸರು ಬರೆದಿಡಿ. ನೇಮಕ ಪತ್ರ, ಸಂಬಳದ ಚೀಟಿ ಕೇಳಿ ಪಡೆಯಿರಿ. ಅವನ್ನು ಅದೇ ನೋಟ್‌ಬುಕ್ಕಿನಲ್ಲಿ ಇಡಿ.

ಯಾಕೆ ಅಂತೀರಾ? ತಕರಾರು ಬಂದಾಗ, 240 ದಿನ ಆಗಿಲ್ಲ ಎಂದು ಅವರು ಹೇಳಬಹುದು. ಹಾಜರಿ ಪುಸ್ತಕ ಅವರ ಕೈಯಲ್ಲಿ ಇರುತ್ತದೆ. ನಮ್ಮ ಕೈಯಲ್ಲೂ ಒಂದು ಲೆಕ್ಕ ಬೇಡವೇ?

ದುಡ್ಡು ಕೊಡದಿದ್ದರೆ ಒಬ್ಬೊಬ್ಬರೇ ಹೋಗಬೇಡಿ. ನಾಲ್ಕು ಜನ ಸೇರಿ, ಅರ್ಜಿ ಬರೆದು, ಕಾರ್ಮಿಕ ಇಲಾಖೆಯ ಕಚೇರಿಗೆ ಕೊಡಿ. ಅರ್ಜಿ ತಲುಪಿದ್ದಕ್ಕೆ ಸಹಿ, ಮೊಹರು ಹಾಕಿಸಿಕೊಳ್ಳಿ. ವಕೀಲರಿಗೆ ಕೊಡಲು ಹಣ ಇಲ್ಲವೆಂದು ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಹೆಂಗಸರಿಗೂ ಕೈಗಾರಿಕಾ ಕೆಲಸಗಾರರಿಗೂ ಉಚಿತ ಕಾನೂನು ನೆರವು ಇದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ.

ಈಗ ಸ್ಲೇಟು ತೆಗೆದುಕೊಳ್ಳಿ. ಮೂಲ ವೇತನ, ತುಟ್ಟಿಭತ್ಯೆ ಸೇರಿ ದಿನಕ್ಕೆ 440 ರೂಪಾಯಿ. ಕೆಲಸ ನಿಂತದ್ದು 14 ದಿನ. ಅದರಲ್ಲಿ ವಾರದ ರಜೆ 2. ಎಷ್ಟು ಬರಬೇಕು?

2,640 ಬಂದವರು ಪಕ್ಕದವರಿಗೆ ಹೇಳಿಕೊಡಿ. ನಾಳೆ ಬರುವಾಗ ಎಲ್ಲರೂ ಸಂಬಳದ ಚೀಟಿ ತನ್ನಿ. ಕೂತು ಓದೋಣ.